ಜ್ವರಕ್ಕೊಂದು, ಬಿಸಿಲಿಗೊಂದು, ಬಲ್ಬಿಗೊಂದು: ತಾಪಮಾನದ ಮಾಪಕಗಳನ್ನು ಬಳಸುವ ಕ್ರಮ

ನಮ್ಮ ಮನೆಗಳಲ್ಲಿ ತಾಪಮಾನದ ಮೂರು ಮಾಪಕಗಳು ಜಗಳವಿಲ್ಲದೆ ಒಂದೇ ಸೂರಿನಡಿ ಬಾಳುತ್ತಿವೆ. ಮಗುವಿನ ಮೈ ಸುಡುತ್ತಿದ್ದರೆ ‘ನೂರೆರಡು ಇದೆ’ ಎನ್ನುತ್ತೇವೆ, ಅದು ಫ್ಯಾರನ್‌ಹೀಟ್. ಕಲಬುರಗಿಯಲ್ಲಿ ಬಿಸಿಲು ನಲವತ್ತೆರಡು ದಾಟಿತು ಎಂದು ಪತ್ರಿಕೆ ಬರೆದರೆ ಅದು ಸೆಲ್ಸಿಯಸ್. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 6500 ಎಂದು ಅಚ್ಚಾಗಿರುವುದು ಕೆಲ್ವಿನ್. ಮಾಪಕದ ಹೆಸರನ್ನು ಯಾರೂ ಹೇಳುವುದಿಲ್ಲ, ಯಾರಿಗೂ ಗೊಂದಲವೂ ಆಗುವುದಿಲ್ಲ. ತೊಡಕು ಶುರುವಾಗುವುದು ಒಂದರಿಂದ ಇನ್ನೊಂದಕ್ಕೆ ದಾಟುವಾಗ. ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಿಂದ ಫೋನ್ ಮಾಡಿದ ಮಗ ‘ಇಲ್ಲಿ ಇಪ್ಪತ್ತು ಡಿಗ್ರಿ’ ಎಂದರೆ ದಾವಣಗೆರೆಯ ತಾಯಿಗೆ ಅದು ಹಿತವಾದ ಹವೆಯಂತೆ ಕೇಳಿಸುತ್ತದೆ. ಅವನು ಹೇಳಿದ್ದು ಫ್ಯಾರನ್‌ಹೀಟ್. ಸೆಲ್ಸಿಯಸ್‌ನಲ್ಲಿ ಅಲ್ಲಿ ನೀರು ಹೆಪ್ಪುಗಟ್ಟಿ ಏಳು ಡಿಗ್ರಿ ಕೆಳಗಿಳಿದಿರುತ್ತದೆ.

ಈ ದಾಟುವಿಕೆಯನ್ನು ಹಂತಹಂತವಾಗಿ ಕಲಿಯೋಣ. ನಡುವೆ ಒಂದು ಪ್ರಯೋಗವಿದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಸಿಗುವ ಸಾಮಾನಿನಿಂದಲೇ, ಬಿಸಿನೀರು ಮತ್ತು ಮಂಜುಗಡ್ಡೆ ಬಳಸಿ, ಜಗತ್ತಿನ ಅತ್ಯಂತ ತಣ್ಣನೆಯ ಬಿಂದು ಎಲ್ಲಿದೆ ಎಂದು ಲೆಕ್ಕ ಹಾಕುವುದು. ಅವಸರದಲ್ಲಿರುವವರು ಉಳಿದದ್ದನ್ನು ಬಿಟ್ಟು ಅದನ್ನೊಂದು ಓದಿದರೂ ನನಗೆ ಬೇಸರವಿಲ್ಲ.

ಮೊದಲ ಹೆಜ್ಜೆ: ಸೊನ್ನೆಯನ್ನು ಎಲ್ಲಿಟ್ಟರು ಎಂದು ಕೇಳಿ

ಯಾವುದೇ ಮಾಪಕ ಎರಡು ತೀರ್ಮಾನಗಳಿಂದ ಹುಟ್ಟುತ್ತದೆ: ಸೊನ್ನೆ ಎಲ್ಲಿ, ಒಂದು ಡಿಗ್ರಿ ಎಷ್ಟು ದೊಡ್ಡದು. ಒಂದೇ ರಸ್ತೆಯಲ್ಲಿ ಎರಡು ಬಗೆಯ ಕಲ್ಲುಗಳನ್ನು ನೆಟ್ಟಂತೆ ಇದು. ಒಬ್ಬರು ಮೈಸೂರಿನಿಂದ ಎಣಿಸಿ ಮೈಲಿಯಲ್ಲಿ ಬರೆದರು, ಇನ್ನೊಬ್ಬರು ಮಂಡ್ಯದಿಂದ ಎಣಿಸಿ ಕಿಲೋಮೀಟರಿನಲ್ಲಿ ಬರೆದರು. ರಸ್ತೆ ಬದಲಾಗಲಿಲ್ಲ. ಒಂದು ಕಲ್ಲಿನ ಅಂಕಿಯಿಂದ ಇನ್ನೊಂದನ್ನು ಹೇಳಬೇಕಾದರೆ ಎರಡು ಸೊನ್ನೆಗಳ ಅಂತರವೂ ಬೇಕು, ಮೈಲಿಗೆಷ್ಟು ಕಿಲೋಮೀಟರ್ ಎಂಬುದೂ ಬೇಕು. ಸೂತ್ರಗಳಲ್ಲಿ ಬರುವ 32, 1.8, 273.15 ಎಂಬ ಅಂಕಿಗಳೆಲ್ಲ ಈ ಎರಡು ಕೆಲಸಗಳಿಗಾಗಿಯೇ ಇರುವವು.

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಈಗಿನ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ಹುಟ್ಟಿ ಹಾಲೆಂಡಿನಲ್ಲಿ ನೆಲೆಸಿದ್ದ ಉಪಕರಣ ತಯಾರಕ. ಪಾದರಸದ ಥರ್ಮಾಮೀಟರಿಗೆ ನಂಬಿಕೆಯ ರೂಪ ಕೊಟ್ಟವನು. 1724ರಲ್ಲಿ ಅವನು ವಿವರಿಸಿದ ಮಾಪಕದಲ್ಲಿ ಮಂಜುಗಡ್ಡೆ, ನೀರು ಮತ್ತು ಅಮೋನಿಯಂ ಕ್ಲೋರೈಡ್ ಉಪ್ಪಿನ ಮಿಶ್ರಣಕ್ಕೆ ಸೊನ್ನೆ, ಬರೀ ಮಂಜುಗಡ್ಡೆ ಮತ್ತು ನೀರಿಗೆ 32, ಆರೋಗ್ಯವಂತನ ಮೈಬಿಸಿಗೆ 96. ಈ ಅಂಕಿಗಳನ್ನು ನೋಡಿ ನಗುವವರು ಒಂದು ವಿಷಯ ಮರೆಯುತ್ತಾರೆ. ಅವನಿಗೆ ಬೇಕಾಗಿದ್ದದ್ದು ಚಳಿಗಾಲದಲ್ಲೂ ಮೈನಸ್ ಚಿಹ್ನೆ ಬಾರದಂಥ ಮಾಪಕ. 32ರಿಂದ 96ಕ್ಕೆ 64 ಹೆಜ್ಜೆ. ಅರ್ಧ, ಅರ್ಧ ಮಾಡುತ್ತ ಹೋದರೆ ಗಾಜಿನ ಮೇಲೆ ಗೆರೆ ಎಳೆಯುವುದು ಎಷ್ಟು ಸಲೀಸು! ಕುಶಲಕರ್ಮಿಯ ಲೆಕ್ಕ ಅದು. ಮುಂದೆ ನೀರು ಕುದಿಯುವ ಬಿಂದುವನ್ನು 212 ಎಂದು ಕಟ್ಟಿಹಾಕಿದಾಗ ಮೈಬಿಸಿ 98ರ ಆಚೆಗೆ ಸರಿಯಿತು.

ಸ್ವೀಡನ್ನಿನ ಉಪ್ಸಾಲದ ಖಗೋಳಶಾಸ್ತ್ರಜ್ಞ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೀರನ್ನೇ ಎರಡೂ ತುದಿಗೆ ಹಿಡಿದ. ಆದರೆ ತಲೆಕೆಳಗಾಗಿ: ಕುದಿಯುವ ಬಿಂದು 0, ಹೆಪ್ಪುಗಟ್ಟುವ ಬಿಂದು 100. ಅವನು 1744ರಲ್ಲಿ ತೀರಿಕೊಂಡ ಮೇಲೆ ಅದನ್ನು ಮಗುಚಿ ಈಗಿನ ರೂಪಕ್ಕೆ ತಂದರು. ನಮ್ಮ ಹಿರಿಯರು ಇಂದಿಗೂ ಸೆಂಟಿಗ್ರೇಡ್ ಎನ್ನುವುದು ಇದನ್ನೇ. ಅಧಿಕೃತವಾಗಿ ಸೆಲ್ಸಿಯಸ್ ಎಂಬ ಹೆಸರು ಬಂದದ್ದು 1948ರಲ್ಲಿ.

ಎರಡೂ ಸೊನ್ನೆಗಳು ಮನುಷ್ಯರ ಆಯ್ಕೆ ಎಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ‘ಸೊನ್ನೆ ಡಿಗ್ರಿ’ ಎಂದರೆ ಬಿಸಿ ಇಲ್ಲವೇ ಇಲ್ಲ ಎಂದಲ್ಲ. ಫ್ರಿಜ್ಜಿನ ಫ್ರೀಜರಿನಲ್ಲಿ −18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೂತಿರುವ ಬಟಾಣಿಯಲ್ಲೂ ಧಾರಾಳವಾಗಿ ಉಷ್ಣಶಕ್ತಿ ಇದೆ. ಫ್ರಿಜ್ಜಿನ ಹಿಂಬದಿಯಿಂದ ಬರುವ ಬಿಸಿಗಾಳಿಯಲ್ಲಿ ಅಲ್ಲಿಂದ ಹೊರತೆಗೆದ ಶಕ್ತಿಯೂ ಸೇರಿರುತ್ತದೆ.

ಎರಡನೆಯ ಹೆಜ್ಜೆ: ಬಾಯಿಲೆಕ್ಕದಲ್ಲಿ ದಾಟಿ

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ಹೋಗಲು 9/5ರಿಂದ ಗುಣಿಸಿ 32 ಕೂಡಿಸಬೇಕೆಂದು ಶಾಲೆಯಲ್ಲಿ ಕಲಿತಿದ್ದೇವೆ. ಪರೀಕ್ಷೆ ಮುಗಿದ ಮರುದಿನ ಮರೆತಿದ್ದೇವೆ. ಅದಕ್ಕಿಂತ ಸುಲಭದ ದಾರಿ ಇದು:

ಎರಡರಷ್ಟು ಮಾಡಿ. ಬಂದದ್ದರಲ್ಲಿ ಹತ್ತನೆಯ ಒಂದು ಪಾಲು ಕಳೆಯಿರಿ. 32 ಕೂಡಿಸಿ.

37 ಎಂದರೆ 74. ಅದರಲ್ಲಿ 7.4 ಹೋದರೆ 66.6. ಅದಕ್ಕೆ 32 ಸೇರಿದರೆ 98.6. ಇದು ಅಂದಾಜಲ್ಲ, ಕರಾರುವಾಕ್ಕಾದ ಉತ್ತರ. ಏಕೆಂದರೆ ಎರಡರಲ್ಲಿ ಹತ್ತನೆಯ ಒಂದು ಭಾಗ ಕಳೆದರೆ 1.8 ತಾನೇ?

ಹಿಂದಕ್ಕೆ ಬರುವಾಗ ಮೊದಲು 32 ಕಳೆಯಿರಿ. ಉಳಿದದ್ದನ್ನು ಅರ್ಧ ಮಾಡಿ. ಆ ಅರ್ಧಕ್ಕೆ ಅದರದೇ ಹತ್ತನೆಯ ಒಂದು ಪಾಲನ್ನೂ ನೂರನೆಯ ಒಂದು ಪಾಲನ್ನೂ ಸೇರಿಸಿ. 104 ಡಿಗ್ರಿ ಜ್ವರಕ್ಕೆ: 72, ಅರ್ಧ 36, ಜೊತೆಗೆ 3.6 ಮತ್ತು 0.36. ಒಟ್ಟು 39.96. ನಿಜವಾದ ಉತ್ತರ 40. ಇಷ್ಟು ಹತ್ತಿರ ಬಂದರೆ ಯಾವ ಅಡುಗೆಗೂ ಯಾವ ಕಾಯಿಲೆಗೂ ಸಾಕು. ಹೊರನಾಡಿನ ಕನ್ನಡಿಗರು ಕಳಿಸುವ ಕೇಕಿನ ವಿಧಾನದಲ್ಲಿ ಒಲೆಯ ಬಿಸಿ 350 ಎಂದಿದ್ದರೆ ಇಲ್ಲಿಯ ಓವನ್‌ನಲ್ಲಿ 175 ಇಡಿ. 350 ಸೆಲ್ಸಿಯಸ್ ಆಗಬಹುದೇ ಎಂದು ಹುಡುಕಬೇಡಿ. ಮನೆಯ ಓವನ್‌ಗಳು ಅಷ್ಟು ದೂರ ಹೋಗುವುದೇ ಇಲ್ಲ.

ಲೆಕ್ಕ ಬೇಡವೆನ್ನುವವರು ನಾಲ್ಕೈದು ಜೋಡಿಗಳನ್ನು ಕಂಠಪಾಠ ಮಾಡಿಕೊಂಡರೂ ದಿನ ಸಾಗುತ್ತದೆ: 0ಗೆ 32, 10ಕ್ಕೆ 50, 20ಕ್ಕೆ 68, 30ಕ್ಕೆ 86, 40ಕ್ಕೆ 104. ಪ್ರತಿ ಹತ್ತಕ್ಕೆ ಹದಿನೆಂಟು ಏರುತ್ತದೆ, ಅಷ್ಟೆ. −40ರಲ್ಲಿ ಮಾತ್ರ ಎರಡೂ ಮಾಪಕಗಳು ಒಂದೇ ಅಂಕಿ ಹೇಳುತ್ತವೆ.

ಕೆಲ್ವಿನ್‌ಗೆ ಹೋಗುವುದು ಎಲ್ಲಕ್ಕಿಂತ ಸುಲಭ. ಸೆಲ್ಸಿಯಸ್‌ಗೆ 273.15 ಕೂಡಿಸಿದರೆ ಮುಗಿಯಿತು. ಹೆಜ್ಜೆಯ ಗಾತ್ರ ಎರಡರಲ್ಲೂ ಒಂದೇ. ನಿತ್ಯದ ಲೆಕ್ಕಕ್ಕೆ 273 ಸಾಕು. ಬರೆಯುವಾಗ ‘300 ಡಿಗ್ರಿ ಕೆಲ್ವಿನ್’ ಎನ್ನಬೇಡಿ, ‘300 ಕೆಲ್ವಿನ್’ ಎನ್ನಿ. ಆ ಡಿಗ್ರಿಯನ್ನು ಅಂತರರಾಷ್ಟ್ರೀಯ ಮಾನಕ ಸಮ್ಮೇಳನ 1967ರಲ್ಲೇ ಕೈಬಿಟ್ಟಿತು. ಫ್ಯಾರನ್‌ಹೀಟ್‌ನ ಗಾತ್ರದ ಹೆಜ್ಜೆಯನ್ನೇ ಇಟ್ಟುಕೊಂಡು ಕೆಲ್ವಿನ್‌ನ ಸೊನ್ನೆಯಿಂದ ಎಣಿಸುವ ರ‍್ಯಾಂಕಿನ್ ಎಂಬ ನಾಲ್ಕನೆಯ ಮಾಪಕವೂ ಇದೆ. ಅಮೆರಿಕದ ಕೆಲವು ಎಂಜಿನಿಯರುಗಳನ್ನು ಬಿಟ್ಟರೆ ಅದರ ಗೊಡವೆ ಯಾರಿಗೂ ಇಲ್ಲ, ನಮಗೂ ಬೇಡ.

ಒಂದು ಎಚ್ಚರಿಕೆ. ದಾಟಿದ ಮೇಲೆ ಬರುವ ದಶಾಂಶಗಳನ್ನು ನಂಬಬೇಡಿ. 98.6 ಎಂಬ ಪ್ರಸಿದ್ಧ ಅಂಕಿಯ ಕಥೆಯೇ ಸಾಕ್ಷಿ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಷ್ 1868ರಲ್ಲಿ ಸಾವಿರಾರು ರೋಗಿಗಳ ಅಳತೆಗಳ ಆಧಾರದ ಮೇಲೆ ಆರೋಗ್ಯವಂತರ ಮೈಬಿಸಿ ಸರಾಸರಿ 37 ಡಿಗ್ರಿ ಸೆಲ್ಸಿಯಸ್ ಎಂದ. ಅದೊಂದು ದುಂಡು ಅಂಕಿ. ಫ್ಯಾರನ್‌ಹೀಟ್‌ಗೆ ದಾಟುವಾಗ ಅದಕ್ಕೆ ‘.6’ ಎಂಬ ಬಾಲ ಹುಟ್ಟಿಕೊಂಡು, 98.4 ಬಂದರೆ ಏನೋ ಕಡಿಮೆಯಾಯಿತೆಂದು ಚಿಂತಿಸುವವರನ್ನು ಸೃಷ್ಟಿಸಿತು. ನಮ್ಮ ಮೈಬಿಸಿ ಬೆಳಗಿನಿಂದ ಸಂಜೆಗೆ ಅರ್ಧ ಡಿಗ್ರಿಯಷ್ಟು ತಾನಾಗಿಯೇ ಏರಿಳಿಯುತ್ತದೆ. ವೈದ್ಯರು ಸಾಮಾನ್ಯವಾಗಿ ಜ್ವರವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವ 100.4 ಕೂಡ 38 ಸೆಲ್ಸಿಯಸ್ ಎಂಬ ದುಂಡು ಅಂಕಿಯ ಅನುವಾದವೇ.

ಮೂರನೆಯ ಹೆಜ್ಜೆ: ಅಂಕಿಯೋ, ಅಂತರವೋ?

ತಪ್ಪುಗಳೆಲ್ಲ ಗುಂಪುಗೂಡುವ ಜಾಗ ಇದು. ‘ಇಂದು 2 ಡಿಗ್ರಿ ಇದೆ’ ಎನ್ನುವುದು ಬೇರೆ, ‘ನಿನ್ನೆಗಿಂತ 2 ಡಿಗ್ರಿ ಏರಿದೆ’ ಎನ್ನುವುದು ಬೇರೆ. ಮೊದಲನೆಯದಕ್ಕೆ ಸೊನ್ನೆ ಎಲ್ಲಿದೆ ಎಂಬುದು ಬೇಕು. ಎರಡನೆಯದಕ್ಕೆ ಬೇಡ, ಹೆಜ್ಜೆಯ ಗಾತ್ರವೊಂದೇ ಸಾಕು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಭೂಮಿಯ ಬಿಸಿ ಏರಿಕೆಯನ್ನು ಹಿಡಿದಿಡಲು ಪ್ರಯತ್ನಿಸಬೇಕೆಂದ ಮಿತಿ 1.5 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟ್‌ನಲ್ಲಿ ಅದು 2.7. ಇದನ್ನು ಪರಿವರ್ತನೆಯ ತಂತ್ರಾಂಶಕ್ಕೆ ಕೊಟ್ಟು ನೋಡಿ, ಅದು 34.7 ಎನ್ನುತ್ತದೆ. ತಂತ್ರಾಂಶಕ್ಕೆ ನಿಮ್ಮ ಪ್ರಶ್ನೆ ಅಂತರದ್ದೆಂದು ಗೊತ್ತಿಲ್ಲ. ಕೆಲ್ವಿನ್‌ನಲ್ಲಿ ಅದೇ ಏರಿಕೆ 1.5, 274.65 ಅಲ್ಲ.

ನಿಯಮ ಚಿಕ್ಕದು: ‘ಏರಿತು, ಇಳಿಯಿತು, ವ್ಯತ್ಯಾಸ, ಹೆಚ್ಚು, ಕಡಿಮೆ’ ಎಂಬ ಪದ ಕಂಡರೆ 32 ಮತ್ತು 273ಕ್ಕೆ ಕೈಹಾಕಬೇಡಿ.

ನಾಲ್ಕನೆಯ ಹೆಜ್ಜೆ: ನಿಮ್ಮ ಥರ್ಮಾಮೀಟರನ್ನು ಪರೀಕ್ಷಿಸಿ

ಪ್ರಯೋಗಕ್ಕೆ −10ರಿಂದ 110ರವರೆಗೆ ತೋರಿಸುವ ಪ್ರಯೋಗಶಾಲೆಯ ಥರ್ಮಾಮೀಟರ್ ಬೇಕು. ಜ್ವರ ನೋಡುವುದು ಖಂಡಿತ ಬೇಡ. ಅದರ ವ್ಯಾಪ್ತಿ ಸುಮಾರು 35ರಿಂದ 42 ಸೆಲ್ಸಿಯಸ್. ಬಿಸಿನೀರಿಗೆ ಅದ್ದಿದರೆ ಒಡೆದು ಪಾದರಸ ಚೆಲ್ಲುತ್ತದೆ. ಬಣ್ಣದ ಆಲ್ಕೋಹಾಲ್ ತುಂಬಿದ್ದು ಅಥವಾ ಅಡುಗೆಗೆ ಬಳಸುವ ಡಿಜಿಟಲ್ ಕಡ್ಡಿ ಇದ್ದರೆ ಇನ್ನೂ ಒಳ್ಳೆಯದು.

ಮಂಜುಗಡ್ಡೆಯನ್ನು ಪುಡಿ ಮಾಡಿ ಲೋಟಕ್ಕೆ ಒತ್ತಾಗಿ ತುಂಬಿ. ಸಂದುಗಳು ಮುಳುಗುವಷ್ಟು ಮಾತ್ರ ತಣ್ಣೀರು ಹೊಯ್ದು ಕಲಕಿ. ಕಡ್ಡಿಯನ್ನು ನಡುವೆ ಇಟ್ಟು ಎರಡು ಮೂರು ನಿಮಿಷ ಕಾಯಿರಿ. ಸೊನ್ನೆ ತೋರಿಸಬೇಕು. ಒಂದು ತೋರಿಸಿದರೆ ನಿಮ್ಮ ಕಡ್ಡಿ ಒಂದು ಡಿಗ್ರಿ ಹೆಚ್ಚು ಹೇಳುತ್ತದೆ. ಬರೆದಿಟ್ಟುಕೊಂಡು ಮುಂದೆ ಕಳೆಯುತ್ತ ಹೋಗಿ.

ಕುದಿಯುವ ನೀರಿನಲ್ಲಿ 100 ಬರುತ್ತದೆಯೇ ಎಂದು ನೋಡುವವರು ತಮ್ಮ ಊರಿನ ಎತ್ತರವನ್ನು ಮರೆಯಬಾರದು. ಮಂಗಳೂರಿನಲ್ಲಿ ನೂರು ಸರಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಹತ್ತಿರ. ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುವುದೇ ಕಾರಣ. ಬೆಂಗಳೂರಿನಲ್ಲಿ 97 ತೋರಿಸಿದ ಥರ್ಮಾಮೀಟರನ್ನು ಕೆಟ್ಟದೆಂದು ಅಂಗಡಿಗೆ ಹಿಂತಿರುಗಿಸಿದರೆ ಅನ್ಯಾಯ ಥರ್ಮಾಮೀಟರಿಗೆ. ಹೆಪ್ಪುಗಟ್ಟುವ ಬಿಂದು ಒತ್ತಡಕ್ಕೆ ಅಷ್ಟಾಗಿ ಜಗ್ಗುವುದಿಲ್ಲ, ಕುದಿಯುವ ಬಿಂದು ಜಗ್ಗುತ್ತದೆ ಎಂಬುದನ್ನು ಸೆಲ್ಸಿಯಸ್ ತನ್ನ 1742ರ ಲೇಖನದಲ್ಲೇ ದಾಖಲಿಸಿದ್ದ. ಆದ್ದರಿಂದ ಸೊನ್ನೆಯ ಪರೀಕ್ಷೆಯೊಂದನ್ನೇ ನಂಬಿ.

ಐದನೆಯ ಹೆಜ್ಜೆ: ನಿರಪೇಕ್ಷ ಶೂನ್ಯವನ್ನು ಹುಡುಕಿ

ಫ್ರಾನ್ಸಿನ ಗಿಯೋಮ್ ಅಮೊಂಟನ್ಸ್ 1700ರ ಆಚೀಚೆ ಮುಚ್ಚಿದ ಗಾಳಿಯ ಒತ್ತಡ ಬಿಸಿಯೊಡನೆ ಹೇಗೆ ಏರುತ್ತದೆಂದು ಅಳೆಯುತ್ತಿದ್ದ. ತಣ್ಣಗಾದಂತೆ ಒತ್ತಡ ಒಂದೇ ಲಯದಲ್ಲಿ ಇಳಿಯುತ್ತದೆ. ಹಾಗೆ ಇಳಿಯುತ್ತಲೇ ಹೋದರೆ? ಎಲ್ಲೋ ಒಂದು ಕಡೆ ಒತ್ತಡ ಸೊನ್ನೆಯಾಗಲೇಬೇಕು. ಒತ್ತಡ ಸೊನ್ನೆಗಿಂತ ಕೆಳಗಿಳಿಯಲಾರದು, ಹಾಗಾಗಿ ತಾಪಮಾನಕ್ಕೂ ಅಲ್ಲಿಗೆ ತಳ ಸಿಕ್ಕಂತೆ. ಆ ತಳವೇ ನಿರಪೇಕ್ಷ ಶೂನ್ಯ, ಕೆಲ್ವಿನ್ ಮಾಪಕದ ಸೊನ್ನೆ ಇರುವುದು ಅಲ್ಲೇ. ಅವನ ಅಳತೆಗಳನ್ನು ಈಗಿನ ಮಾಪಕಕ್ಕೆ ತಂದರೆ ಆ ತಳ −240 ಸೆಲ್ಸಿಯಸ್‌ನ ಸುಮಾರಿಗೆ ಬರುತ್ತದೆ. ಪಾದರಸ ಮತ್ತು ಗಾಜಿನ ಕೊಳವೆಯಷ್ಟೇ ಕೈಯಲ್ಲಿದ್ದ ಕಾಲಕ್ಕೆ ಇದು ಅದ್ಭುತ ಗುರಿ. ಮುಂದೆ ಷಾರ್ಲ್ ಮತ್ತು ಗೇ-ಲುಸಾಕ್ ಅನಿಲಗಳ ಗಾತ್ರವನ್ನು ಬೆನ್ನತ್ತಿದರು. ಒತ್ತಡವನ್ನು ಬದಲಾಗದಂತೆ ಹಿಡಿದರೆ, ಎಲ್ಲ ಅನಿಲಗಳೂ ಪ್ರತಿ ಡಿಗ್ರಿಗೆ ಸೊನ್ನೆಯಲ್ಲಿದ್ದ ತಮ್ಮ ಗಾತ್ರದ ಸುಮಾರು 273ನೇ ಒಂದು ಪಾಲು ಕುಗ್ಗುತ್ತವೆ. ನಾವು ಮಾಡುವುದೂ ಇದನ್ನೇ.

ಬೇಕಾದದ್ದು: ದಪ್ಪ ಬೋರೋಸಿಲಿಕೇಟ್ ಗಾಜಿನ ಶಂಕುವಿನಾಕಾರದ ಫ್ಲಾಸ್ಕ್, ಅದಕ್ಕೆ ಬಿಗಿಯಾದ ಒಂಟಿ ತೂತಿನ ರಬ್ಬರ್ ಬಿರಡೆ, ತೂತಿಗೆ ಗಿಡ್ಡ ಗಾಜಿನ ಕೊಳವೆ, ಕೊಳವೆಯ ತುದಿಗೆ ಒಂದೆರಡು ಅಂಗುಲ ರಬ್ಬರ್ ಪೈಪು, ಅದನ್ನು ಬಿಗಿಯಲು ಕ್ಲಿಪ್ಪು, ಅಳತೆಯ ಸಿಲಿಂಡರ್, ಆಳವಾದ ಎರಡು ಪಾತ್ರೆಗಳು. ಪ್ಲಾಸ್ಟಿಕ್ ಬಾಟಲಿ ಬೇಡ, ಅದು ಚಪ್ಪಟೆಯಾಗಿ ಲೆಕ್ಕ ಕೆಡಿಸುತ್ತದೆ. ತೆಳು ಗಾಜಿನ ಶರಬತ್ತಿನ ಬಾಟಲಿಯೂ ಬೇಡ, ಸೀಳುತ್ತದೆ. ಮಕ್ಕಳು ಮಾಡುವುದಾದರೆ ಬಿಸಿಯ ಕೆಲಸ ದೊಡ್ಡವರ ಕೈಯಲ್ಲಿರಲಿ.

ಮೊದಲು ಫ್ಲಾಸ್ಕನ್ನು ಒಣಗಿಸಿ. ಬಟ್ಟೆಯಲ್ಲಿ ಒರೆಸಿದರೆ ಸಾಲದು; ಬಿಸಿಲಿನಲ್ಲೋ ಕೂದಲು ಒಣಗಿಸುವ ಯಂತ್ರದ ಗಾಳಿಯಲ್ಲೋ ಒಳಗೆ ಒಂದು ಹನಿಯೂ ಉಳಿಯದಂತೆ ಒಣಗಿಸಿ. ಕಾರಣವನ್ನು ಆಮೇಲೆ ಹೇಳುತ್ತೇನೆ.

ಬಿರಡೆ ಹಾಕಿ, ಕ್ಲಿಪ್ಪು ತೆರೆದೇ ಇಟ್ಟು, ಫ್ಲಾಸ್ಕನ್ನು ಕತ್ತಿನವರೆಗೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ. ಬಾಯಿ ನೀರಿನ ಮೇಲಿರಲಿ, ಏಳುವ ಹಬೆ ಕೊಳವೆಯೊಳಗೆ ನುಸುಳದಿರಲಿ. ಒಳಗಿನ ಗಾಳಿ ಹಿಗ್ಗಿ ಒಂದಷ್ಟು ಹೊರಹೋಗುತ್ತದೆ. ನೀರಿನ ತಾಪಮಾನ ಬರೆದುಕೊಂಡು ಕ್ಲಿಪ್ಪು ಬಿಗಿಯಿರಿ. ಈಗ ಒಳಗಿನ ಗಾಳಿ ಬಂದಿ, ಇನ್ನು ಅವಸರವಿಲ್ಲ. ಫ್ಲಾಸ್ಕನ್ನು ಹೊರಗೆ ಬಟ್ಟೆಯ ಮೇಲೆ ಕೆಲವು ನಿಮಿಷ ಇಟ್ಟು ಗಾಜಿನ ಬಿಸಿ ಇಳಿಸಿ.

ಎರಡನೆಯ ಪಾತ್ರೆಯಲ್ಲಿ ಮಂಜುಗಡ್ಡೆ ಬೆರೆಸಿದ ನೀರು. ಫ್ಲಾಸ್ಕನ್ನು ತಲೆಕೆಳಗಾಗಿಸಿ ಪೂರ್ತಿ ಮುಳುಗಿಸಿ, ನೀರಿನೊಳಗೇ ಕ್ಲಿಪ್ಪು ತೆರೆಯಿರಿ. ಕುಗ್ಗಿದ ಗಾಳಿಯ ಜಾಗಕ್ಕೆ ನೀರು ನುಗ್ಗುತ್ತದೆ. ಈ ಕ್ಷಣಕ್ಕಾಗಿಯೇ ಪ್ರಯೋಗ ಮಾಡಬೇಕು! ಹತ್ತು ನಿಮಿಷ ಬಿಟ್ಟು, ಒಳಗಿನ ಮತ್ತು ಹೊರಗಿನ ನೀರಿನ ಮಟ್ಟ ಒಂದೇ ಆಗುವಂತೆ ಫ್ಲಾಸ್ಕನ್ನು ಎತ್ತಿ ಇಳಿಸಿ ಹೊಂದಿಸಿ. ಆಗ ಒಳಗಿನ ಒತ್ತಡ ಹೊರಗಿನಷ್ಟೇ ಇರುತ್ತದೆ. ಕ್ಲಿಪ್ಪು ಬಿಗಿದು ಹೊರತೆಗೆಯಿರಿ. ಒಳಗೆ ಬಂದ ನೀರನ್ನು ಅಳೆಯಿರಿ. ಕೊನೆಗೆ ಬಿರಡೆಯ ತಳದವರೆಗೆ ನೀರು ತುಂಬಿ ಫ್ಲಾಸ್ಕಿನ ಪೂರ್ಣ ಗಾತ್ರವನ್ನೂ ಅಳೆಯಿರಿ.

ಲೆಕ್ಕ ಕಲಿಯಲು ದುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಪೂರ್ಣ ಗಾತ್ರ 300 ಮಿಲಿಲೀಟರ್, ಬಿಸಿ 95 ಡಿಗ್ರಿ, ತಂಪು 5 ಡಿಗ್ರಿ, ಒಳಬಂದ ನೀರು 72 ಮಿಲಿಲೀಟರ್. ಅಂದರೆ 90 ಡಿಗ್ರಿ ಇಳಿಯುವಷ್ಟರಲ್ಲಿ ಗಾಳಿ 72 ಮಿಲಿಲೀಟರ್ ಕುಗ್ಗಿತು, ಡಿಗ್ರಿಗೆ 0.8. ಉಳಿದ ಗಾಳಿ 228. ಇದೇ ಲಯದಲ್ಲಿ ಅದೂ ಕುಗ್ಗಿ ಇಲ್ಲವಾಗಲು 228 ಭಾಗಿಸು 0.8, ಅಂದರೆ ಇನ್ನೂ 285 ಡಿಗ್ರಿ ಬೇಕು. 5ರಿಂದ 285 ಕೆಳಗೆ: −280 ಡಿಗ್ರಿ ಸೆಲ್ಸಿಯಸ್.

ಒಪ್ಪಿತ ಉತ್ತರ −273.15. ಕುದಿನೀರು, ಮಂಜುನೀರುಗಳ ನಡುವಿನ ಪುಟ್ಟ ತುಂಡನ್ನು ಅಳೆದು ಅದರ ಮೂರು ಪಟ್ಟು ದೂರದ ಬಿಂದುವನ್ನು ಏಳು ಡಿಗ್ರಿಯೊಳಗೆ ಹಿಡಿದಂತಾಯಿತು. ಆ ಏಳು ಡಿಗ್ರಿಯ ತಪ್ಪಿಗೂ ಕಾರಣವಿದೆ. ತಣ್ಣೀರು ಒಳಬಂದ ಮೇಲೆ ಅದರ ಆವಿ ಗಾಳಿಯ ಜೊತೆ ಸೇರಿ ಒಂದಷ್ಟು ಜಾಗ ಹಿಡಿಯುತ್ತದೆ. ಆದ್ದರಿಂದ ನೀರು ಒಂದೆರಡು ಮಿಲಿಲೀಟರ್ ಕಡಿಮೆ ಬಂದು, ಉತ್ತರ ಕೆಳಕ್ಕೆ ಜಾರುತ್ತದೆ. ನಿಮ್ಮ ಉತ್ತರ ಇದಕ್ಕೆ ಉಲ್ಟಾ −200ಕ್ಕಿಂತ ಮೇಲೆ ಬಂದು ಕೂತರೆ, ಫ್ಲಾಸ್ಕ್ ಒದ್ದೆಯಿತ್ತೆಂದೇ ತಿಳಿಯಿರಿ. ಆವಿಯಾದ ನೀರು ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಒಳಗೆ ಉಳಿದ ಒಂದೇ ಒಂದು ಹನಿ ಬಿಸಿಯಲ್ಲಿ ಹಬೆಯಾಗಿ ಅಷ್ಟಗಲ ಗಾಳಿಯನ್ನು ಹೊರದಬ್ಬಿ, ತಂಪಿನಲ್ಲಿ ಮತ್ತೆ ಹನಿಯಾಗಿ ಕೂರುತ್ತದೆ. ಆ ಖಾಲಿ ಜಾಗಕ್ಕೂ ನೀರು ನುಗ್ಗುತ್ತದೆ. ಒಣಗಿಸುವ ಬಗ್ಗೆ ಅಷ್ಟು ಹಟ ಹಿಡಿದದ್ದು ಇದಕ್ಕೇ.

ನಿಜವಾದ ಗಾಳಿ ಹೀಗೆ ಕುಗ್ಗುತ್ತ ಮಾಯವಾಗುವುದಿಲ್ಲ. ದಾರಿಯಲ್ಲೇ, −190ರ ಆಸುಪಾಸಿನಲ್ಲಿ, ದ್ರವವಾಗಿಬಿಡುತ್ತದೆ. ನಾವು ಹಿಡಿದದ್ದು ಗೆರೆ ತೋರಿಸುವ ದಿಕ್ಕನ್ನು. ಯಾವ ವಸ್ತುವಿನ ಗುಣವನ್ನೂ ನೆಚ್ಚದೆ ಈ ಸೊನ್ನೆಯನ್ನು ನಿಲ್ಲಿಸಬಹುದೆಂದು 1848ರಲ್ಲಿ ತೋರಿಸಿದವನು ಗ್ಲಾಸ್ಗೋದ ವಿಲಿಯಂ ಥಾಮ್ಸನ್. ಆಗ ಅವನಿಗೆ 24 ವರ್ಷ. ಉಷ್ಣಯಂತ್ರಗಳ ಬಗ್ಗೆ ಫ್ರಾನ್ಸಿನ ಎಂಜಿನಿಯರ್ ಕಾರ್ನೋ ಮಾಡಿದ್ದ ಚಿಂತನೆಯನ್ನು ಆಧಾರವಾಗಿಟ್ಟುಕೊಂಡು ಅವನು ಕಟ್ಟಿದ ಮಾಪಕವೇ, ಅವನು ಲಾರ್ಡ್ ಕೆಲ್ವಿನ್ ಆದ ಮೇಲೆ, ಆ ಹೆಸರನ್ನು ಹೊತ್ತಿತು. ಒಂದು ಕೆಲ್ವಿನ್ ಎಷ್ಟು ದೊಡ್ಡದೆಂಬುದನ್ನು 2019ರ ಮೇ 20ರಿಂದ ನೀರಿನ ಹಂಗಿನಿಂದಲೂ ಬಿಡಿಸಿ, ಶಕ್ತಿಯನ್ನೂ ತಾಪಮಾನವನ್ನೂ ಬೆಸೆಯುವ ಬೋಲ್ಟ್ಸ್‌ಮನ್ ಸ್ಥಿರಾಂಕಕ್ಕೆ ಕಟ್ಟಲಾಗಿದೆ.

ಆರನೆಯ ಹೆಜ್ಜೆ: ‘ಎಷ್ಟು ಪಟ್ಟು’ ಎಂಬ ಪ್ರಶ್ನೆ ಬಂದರೆ ಕೆಲ್ವಿನ್‌ಗೆ ಹೋಗಿ

20 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಬಿಸಿ ಎರಡು ಪಟ್ಟಾಯಿತೇ? ಫ್ಯಾರನ್‌ಹೀಟ್‌ನಲ್ಲಿ ಅದು 68ರಿಂದ 104, ಒಂದೂವರೆ ಪಟ್ಟು. ಒಂದೇ ಬಿಸಿಗೆ ಎರಡು ಉತ್ತರ ಬಂದಾಗ ಪ್ರಶ್ನೆಯನ್ನು ತಪ್ಪು ಜಾಗದಲ್ಲಿ ಕೇಳಿದ್ದೇವೆಂದು ಅರ್ಥ. ಕೆಲ್ವಿನ್‌ನಲ್ಲಿ ಅದು 293ರಿಂದ 313. ನೂರಕ್ಕೆ ಏಳರಷ್ಟೂ ಹೆಚ್ಚಲಿಲ್ಲ. ನಿಜಕ್ಕೂ ಎರಡು ಪಟ್ಟಾಗಬೇಕಾದರೆ 586 ಕೆಲ್ವಿನ್, ಅಂದರೆ 313 ಸೆಲ್ಸಿಯಸ್ ಮುಟ್ಟಬೇಕು.

ಇದರ ಉಪಯೋಗ ಕಾರಿನ ಚಕ್ರದಲ್ಲಿ ಕಾಣುತ್ತದೆ. ಮಂಗಳೂರಿನಲ್ಲಿ ಬೆಳಗ್ಗೆ 25 ಡಿಗ್ರಿಯಲ್ಲಿ ಟೈರಿಗೆ 32 ಪಿಎಸ್‌ಐ ಗಾಳಿ ತುಂಬಿಸಿದ್ದೀರಿ. ಹೆದ್ದಾರಿಯಲ್ಲಿ ಓಡಿ ಒಳಗಿನ ಗಾಳಿ 55 ಡಿಗ್ರಿಗೆ ಕಾದಿದೆ. ಒತ್ತಡ ಎಷ್ಟು? ಸೆಲ್ಸಿಯಸ್ ಅಂಕಿಗಳನ್ನೇ ಭಾಗಿಸಿದರೆ 70 ಬರುತ್ತದೆ. ಹಾಗಾಗಿದ್ದರೆ ಟೈರು ಹೆದ್ದಾರಿ ಮುಟ್ಟುತ್ತಿರಲಿಲ್ಲ. 298 ಮತ್ತು 328 ಕೆಲ್ವಿನ್ ಹಿಡಿಯಬೇಕು. ಇಲ್ಲಿ ಇನ್ನೊಂದು ಸೊನ್ನೆಯೂ ನಮಗೆ ಮೋಸ ಮಾಡುತ್ತದೆ. ಗಾಳಿ ಅಂಗಡಿಯ ಗೇಜು ಸೊನ್ನೆ ತೋರಿಸುವಾಗ ಟೈರಿನಲ್ಲಿ ನಿರ್ವಾತವಿರುವುದಿಲ್ಲ, ಹೊರಗಿನಷ್ಟೇ ಗಾಳಿ ಇರುತ್ತದೆ. ಆದ್ದರಿಂದ ವಾತಾವರಣದ 14.7 ಸೇರಿಸಿ: 46.7. ಅದನ್ನು 328ರಿಂದ ಗುಣಿಸಿ 298ರಿಂದ ಭಾಗಿಸಿದರೆ 51.4. ಮತ್ತೆ 14.7 ಕಳೆದರೆ 36.7. ಟೈರಿನ ಒತ್ತಡವನ್ನು ತಣ್ಣಗಿರುವಾಗಲೇ ನೋಡಬೇಕು, ಓಡಿ ಬಂದು ಹೆಚ್ಚಿದೆಯೆಂದು ಗಾಳಿ ಬಿಡಬಾರದು ಎನ್ನುವುದು ಈ ನಾಲ್ಕೂಮುಕ್ಕಾಲು ಪಿಎಸ್‌ಐ ಕಾರಣಕ್ಕೆ.

ಬಲ್ಬಿನ ಡಬ್ಬಿಯ ಕೆಲ್ವಿನ್ ಸ್ವಲ್ಪ ಬೇರೆ ಜಾತಿಯದು. ಕಪ್ಪು ವಸ್ತುವೊಂದನ್ನು ಅಷ್ಟು ಕೆಲ್ವಿನ್‌ಗೆ ಕಾಯಿಸಿದರೆ ಯಾವ ಬಣ್ಣದ ಬೆಳಕು ಬರುತ್ತಿತ್ತೋ ಆ ಬಣ್ಣ ಎಂದು ಅದರ ಅರ್ಥ. ಹಳೆಯ ತಂತಿಬಲ್ಬಿನ ತಂತಿ ನಿಜವಾಗಿಯೂ 2700 ಕೆಲ್ವಿನ್‌ನ ಆಸುಪಾಸಿನಲ್ಲಿ ಕಾದು ಹಳದಿಯಾಗಿ ಉರಿಯುತ್ತಿತ್ತು. ಎಲ್‌ಇಡಿ ಆ ಬಣ್ಣವನ್ನು ಅನುಕರಿಸುತ್ತದಷ್ಟೆ. ಮಲಗುವ ಕೋಣೆಗೆ 2700ರಿಂದ 3000 ಕೊಳ್ಳಿ, ಓದುವ ಮೇಜಿಗೆ 4000ದ ಸುತ್ತಮುತ್ತ. 6500ರ ನೀಲಿಬಿಳುಪನ್ನು ಊಟದ ಮನೆಗೆ ಹಾಕುವವರ ಮೇಲೆ ನನಗೆ ಸದಾ ಒಂದು ತಕರಾರಿದೆ, ಅನ್ನ-ಸಾರಿನ ಬಣ್ಣವೇ ಸತ್ತುಹೋಗುತ್ತದೆ.

ಏಳನೆಯ ಹೆಜ್ಜೆ: ತಳದ ಕಡೆಗಿನ ಮೆಟ್ಟಿಲುಗಳನ್ನು ಓದಿ

ತುಂಬ ತಣ್ಣನೆಯ ಸುದ್ದಿಗಳನ್ನು ಓದುವಾಗ ಸೆಲ್ಸಿಯಸ್ ಅಂಕಿಗಳನ್ನು ಬದಿಗಿಡಿ. −269 ಮತ್ತು −272.9 ಅಕ್ಕಪಕ್ಕದಲ್ಲಿರುವಂತೆ ಕಾಣುತ್ತವೆ. ಕೆಲ್ವಿನ್‌ನಲ್ಲಿ ಮೊದಲನೆಯದು ನಾಲ್ಕಕ್ಕಿಂತ ಮೇಲೆ, ಎರಡನೆಯದು ಕಾಲು. ಹದಿನಾರು ಪಟ್ಟಿಗೂ ಹೆಚ್ಚಿನ ಇಳಿತ. ತಳದಲ್ಲಿ ಎಷ್ಟು ಡಿಗ್ರಿ ಇಳಿಯಿತೆಂದು ಕಳೆದು ನೋಡಿ ಪ್ರಯೋಜನವಿಲ್ಲ, ಎಷ್ಟರಲ್ಲಿ ಒಂದು ಪಾಲಾಯಿತೆಂದು ಭಾಗಿಸಿ ನೋಡಬೇಕು.

ಅಂಟಾರ್ಕ್ಟಿಕಾದ ವೋಸ್ಟಾಕ್ ಠಾಣೆಯಲ್ಲಿ 1983ರ ಜುಲೈ 21ರಂದು ದಾಖಲಾದ −89.2 ಸೆಲ್ಸಿಯಸ್ ಎಂದರೆ 184 ಕೆಲ್ವಿನ್. ಐಸ್‌ಕ್ರೀಮ್ ಸಾಗಿಸಲು ಬಳಸುವ ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, 195. ಆ ದಿನ ಅಲ್ಲಿಯ ಗಾಳಿ ಅದಕ್ಕಿಂತ ತಣ್ಣಗಿತ್ತು. ದ್ರವ ಆಮ್ಲಜನಕ 90, ದ್ರವ ಸಾರಜನಕ 77, ದ್ರವ ಜಲಜನಕ 20, ದ್ರವ ಹೀಲಿಯಂ 4.2. ಹೀಲಿಯಂ ಅನ್ನು ಮೊದಲು ದ್ರವವಾಗಿಸಿದ್ದು ಹಾಲೆಂಡಿನ ಲೈಡನ್‌ನಲ್ಲಿ, 1908ರ ಜುಲೈ 10ರಂದು, ಹೈಕ ಕಾಮರ್ಲಿಂಗ್ ಆನಸ್. ಇಂದು ನಮ್ಮೂರಿನ ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳ ಹೊಟ್ಟೆಯಲ್ಲಿ ಅದೇ ಹೀಲಿಯಂ ಕಾಂತದ ಸುರುಳಿಗಳನ್ನು ತಂಪಾಗಿಟ್ಟಿದೆ.

ಚಂದ್ರಯಾನ-3ನ್ನು ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ಟಿನ ಮೇಲಿನ ಹಂತದಲ್ಲಿ ದ್ರವ ಆಮ್ಲಜನಕವೂ ದ್ರವ ಜಲಜನಕವೂ ಅಕ್ಕಪಕ್ಕದ ತೊಟ್ಟಿಗಳಲ್ಲಿ ಇರುತ್ತವೆ. ಸೆಲ್ಸಿಯಸ್‌ನಲ್ಲಿ −183 ಮತ್ತು −253. ಎರಡೂ ವಿಪರೀತ ತಂಪು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಕೆಲ್ವಿನ್‌ನಲ್ಲಿ ನೋಡಿದರೆ ಒಂದು ಇನ್ನೊಂದರ ನಾಲ್ಕೂವರೆ ಪಟ್ಟು ಬಿಸಿ. ಜಲಜನಕದ ತೊಟ್ಟಿಗೆ ಪಕ್ಕದ ಆಮ್ಲಜನಕವೇ ಒಲೆ ಇದ್ದಂತೆ.

ಹಸು ಸಾಕುವವರ ಮನೆಯಂಗಳಕ್ಕೂ ಈ ಮೆಟ್ಟಿಲಿನ ಒಂದು ತುದಿ ಬರುತ್ತದೆ. ಕೃತಕ ಗರ್ಭಧಾರಣೆಗೆ ಬರುವ ಪಶುವೈದ್ಯರು ಹೊಗೆಯಾಡುವ ಡಬ್ಬಿಯಿಂದ ಚಿಮುಟದಲ್ಲಿ ತೆಗೆಯುವ ವೀರ್ಯದ ಸ್ಟ್ರಾ ಇರುವುದು 77 ಕೆಲ್ವಿನ್‌ನ ದ್ರವ ಸಾರಜನಕದಲ್ಲಿ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಇಂಥ ಸ್ಟ್ರಾಗಳನ್ನು ತಯಾರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ವೈದ್ಯರು ಅದನ್ನು 37 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದುತ್ತಾರೆ: 77ರಿಂದ 310 ಕೆಲ್ವಿನ್‌ಗೆ, ನಾಲ್ಕು ಪಟ್ಟು. ಆ ಡಬ್ಬಿಯನ್ನು ಮುಚ್ಚಿದ ಕಾರಿನಲ್ಲಿ ಸಾಗಿಸುವವರು ಗಾಜು ಇಳಿಸಿಕೊಳ್ಳಬೇಕು. ದ್ರವ ಸಾರಜನಕ ಆರುತ್ತ ಸುಮಾರು 700 ಪಟ್ಟು ಗಾತ್ರದ ಅನಿಲವಾಗಿ ಕಾರಿನೊಳಗಿನ ಆಮ್ಲಜನಕವನ್ನು ತಳ್ಳಿಬಿಡುತ್ತದೆ, ವಾಸನೆಯ ಸುಳಿವೂ ಸಿಗುವುದಿಲ್ಲ.

ಇನ್ನೂ ಕೆಳಗೆ, ತಾರೆಗಳ ನಡುವಿನ ಖಾಲಿ ಆಕಾಶವನ್ನು ತುಂಬಿರುವ ವಿಕಿರಣದ ತಾಪಮಾನ 2.7 ಕೆಲ್ವಿನ್. ಅದಕ್ಕಿಂತ ಬಹಳ ಕೆಳಗೆ ಮನುಷ್ಯರ ಪ್ರಯೋಗಶಾಲೆಗಳಿವೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಿಸ್ಮತ್ ಎಂಬ ಲೋಹದ ಹರಳು ಅತಿವಾಹಕವಾಗುವುದನ್ನು, ಅಂದರೆ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಬಿಡುವುದನ್ನು, 2016ರಲ್ಲಿ ಕಂಡದ್ದು 0.53 ಮಿಲಿಕೆಲ್ವಿನ್‌ನಲ್ಲಿ, ಕೆಲ್ವಿನ್ನಿನ ಸಾವಿರದಲ್ಲೊಂದು ಪಾಲಿನ ಅರ್ಧದಷ್ಟರಲ್ಲಿ. ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಐನ್‌ಸ್ಟೈನ್‌ಗೆ ಕಳಿಸಿದ ಲೇಖನದಿಂದ ಹುಟ್ಟಿದ ಊಹೆ, ಪರಮಾಣುಗಳೆಲ್ಲ ಒಂದೇ ಸ್ಥಿತಿಗೆ ಕುಸಿಯುವ ದ್ರವ್ಯರೂಪ, 1995ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಕಣ್ಣಿಗೆ ಬಿದ್ದದ್ದು ಕೆಲ್ವಿನ್ನಿನ ಕೋಟಿಯಲ್ಲೊಂದು ಪಾಲಿನ ಸನಿಹದಲ್ಲಿ, 170 ನ್ಯಾನೊಕೆಲ್ವಿನ್‌ನಲ್ಲಿ. 2021ರಲ್ಲಿ ಜರ್ಮನಿಯ ಬ್ರೆಮೆನ್‌ನ ಗೋಪುರದಿಂದ ಪರಮಾಣುಗಳ ಮೋಡವನ್ನು ಬೀಳಿಸಿ 38 ಪಿಕೊಕೆಲ್ವಿನ್ ಮುಟ್ಟಿದರು. ಪಿಕೊ ಎಂದರೆ ಲಕ್ಷ ಕೋಟಿಯಲ್ಲೊಂದು ಪಾಲು.

ಸೊನ್ನೆಯನ್ನು ಮುಟ್ಟಿದರೆಂಬ ಸುದ್ದಿ ಬಂದರೆ ಮಾತ್ರ ನಂಬಬೇಡಿ. ಸೀಮಿತ ಹಂತಗಳಲ್ಲಿ ಅಲ್ಲಿಗೆ ತಲುಪಲಾಗದು ಎನ್ನುವುದು ವಾಲ್ಟರ್ ನರ್ನ್‌ಸ್ಟ್ ಕಟ್ಟಿದ ಉಷ್ಣಗತಿಶಾಸ್ತ್ರದ ಮೂರನೆಯ ನಿಯಮ. ಕೆಳಗಿಳಿದಂತೆ ಪ್ರತಿ ಹಂತವೂ ಹಿಂದಿನದಕ್ಕಿಂತ ಕಡಿಮೆ ಶಾಖವನ್ನು ಹೊರತೆಗೆಯುತ್ತದೆ. ಅಲ್ಲಿ ಎಲ್ಲ ಚಲನೆಯೂ ನಿಲ್ಲುತ್ತದೆ ಎಂಬ ಮಾತನ್ನೂ ತಿದ್ದಿಕೊಳ್ಳಿ. ಕಡಿಮೆ ಮಾಡಲಾಗದಷ್ಟು ಕಂಪನ ಉಳಿದೇ ಇರುತ್ತದೆ. ಅದರ ಪುರಾವೆ ಹೀಲಿಯಂ: ಸಾಮಾನ್ಯ ಒತ್ತಡದಲ್ಲಿ ಎಷ್ಟೇ ತಂಪು ಮಾಡಿದರೂ ಅದು ಗಟ್ಟಿಯಾಗುವುದಿಲ್ಲ, ವಾತಾವರಣದ ಸುಮಾರು 25 ಪಟ್ಟು ಒತ್ತಿದರೆ ಮಾತ್ರ ಹರಳುಗಟ್ಟುತ್ತದೆ. ‘ನಿರಪೇಕ್ಷ ಶೂನ್ಯಕ್ಕಿಂತ ಕೆಳಗೆ’ ಎಂಬ ತಲೆಬರಹ 2013ರಲ್ಲಿ ಬಂದಿತ್ತು, ಮತ್ತೆಯೂ ಬರಬಹುದು. ಅಲ್ಲಿ ಮೈನಸ್ ಕೆಲ್ವಿನ್ ಎಂದರೆ ಶಕ್ತಿ ಹೆಚ್ಚಿರುವ ಸ್ಥಿತಿಗಳಲ್ಲೇ ಹೆಚ್ಚು ಪರಮಾಣುಗಳು ಕೂತಿರುವ ವಿಶೇಷ ವ್ಯವಸ್ಥೆ. ಮುಟ್ಟಿದರೆ ಶಾಖ ಅದರಿಂದಲೇ ನಮ್ಮ ಕಡೆಗೆ ಹರಿಯುತ್ತದೆ. ಲೆಕ್ಕಕ್ಕೆ ಅದು ಎಲ್ಲಕ್ಕಿಂತ ಬಿಸಿ.